ಅಜ್ಜಿಗೆ ಬೇಕು, ಮೊಮ್ಮಗನಿಗೆ ಬೇಡ: ಮೆಥೋಟ್ರೆಕ್ಸೇಟ್, ಫೋಲಿಕ್ ಆಮ್ಲ ಮತ್ತು ಸುಬ್ಬರಾವ್ ಅವರ ಸಂಶೋಧನೆ

ಪ್ರಶ್ನೆ ಕೇಳಿದವರು: ತುಂಗಾತೀರ

ಎಲ್ಲರಿಗೂ ನಮಸ್ಕಾರ. ನನ್ನ ಅಕ್ಕನ ಮಗನಿಗೆ ಈಗ ಏಳು ವರ್ಷ. ಎರಡು ವರ್ಷದ ಹಿಂದೆ ಅವನಿಗೆ ತೀವ್ರ ಲಿಂಫೋಬ್ಲಾಸ್ಟಿಕ್ ಲ್ಯುಕೇಮಿಯಾ, ಅಂದರೆ ಮಕ್ಕಳಲ್ಲಿ ಹೆಚ್ಚಾಗಿ ಕಾಣಿಸುವ ರಕ್ತದ ಕ್ಯಾನ್ಸರ್, ಇದೆಯೆಂದು ತಿಳಿಯಿತು. ಬೆಂಗಳೂರಿನಲ್ಲಿ ಚಿಕಿತ್ಸೆಯಾಗಿ, ಕಠಿಣವಾದ ಹಂತಗಳೆಲ್ಲ ಮುಗಿದು, ಈಗ ಮನೆಯಲ್ಲಿಯೇ ಮಾತ್ರೆ ತೆಗೆದುಕೊಳ್ಳುವ ಮೇಂಟೆನೆನ್ಸ್ ಹಂತಕ್ಕೆ ಬಂದಿದ್ದಾನೆ. ದಿನವೂ ರಾತ್ರಿ ಮರ್‌ಕ್ಯಾಪ್ಟೋಪ್ಯೂರಿನ್, ವಾರಕ್ಕೊಂದು ಸಲ ಮೆಥೋಟ್ರೆಕ್ಸೇಟ್. ಶಾಲೆಗೂ ಹೋಗತೊಡಗಿದ್ದಾನೆ.

ಶಾಲೆಯಲ್ಲಿ ರಕ್ತಹೀನತೆ ತಡೆಗಟ್ಟಲು ವಾರಕ್ಕೊಮ್ಮೆ ಗುಲಾಬಿ ಬಣ್ಣದ ಮಾತ್ರೆಯೊಂದನ್ನು ಎಲ್ಲ ಮಕ್ಕಳಿಗೂ ಕೊಡುತ್ತಾರೆ. ಅದರಲ್ಲಿ ಕಬ್ಬಿಣಾಂಶ ಮತ್ತು ಫೋಲಿಕ್ ಆಮ್ಲ ಇರುತ್ತದೆಯಂತೆ. ಹಿಮೋಗ್ಲೋಬಿನ್ ಕಡಿಮೆ ಇರುವ ನಮ್ಮ ಹುಡುಗನಿಗೆ ಇದು ಎಲ್ಲರಿಗಿಂತ ಹೆಚ್ಚು ಅಗತ್ಯ ಎಂದೇ ನಾವು ಭಾವಿಸಿದ್ದೆವು. ಆದರೆ ಕಳೆದ ಸಲ ತೋರಿಸಲು ಹೋದಾಗ ಡಾಕ್ಟರು ಆ ಮಾತ್ರೆ ಕೊಡಬೇಡಿ ಎಂದು ಸ್ಪಷ್ಟವಾಗಿ ಹೇಳಿದರು. ಹೊರಗೆ ಬಹಳ ಮಂದಿ ಕಾಯುತ್ತಿದ್ದುದರಿಂದ ಕಾರಣ ಕೇಳುವ ಅವಕಾಶವಾಗಲಿಲ್ಲ.

ನಮ್ಮ ಗೊಂದಲಕ್ಕೆ ಇನ್ನೊಂದು ಕಾರಣವಿದೆ. ನನ್ನ ಅಮ್ಮನಿಗೆ ರುಮಟಾಯ್ಡ್ ಸಂಧಿವಾತವಿದ್ದು, ಅವರೂ ಭಾನುವಾರ ಇದೇ ಮೆಥೋಟ್ರೆಕ್ಸೇಟ್ ನುಂಗುತ್ತಾರೆ. ಮರುದಿನ ಫೋಲಿಕ್ ಆಮ್ಲದ ಮಾತ್ರೆಯನ್ನು ತಪ್ಪಿಸಲೇಬಾರದು ಎಂದು ಅವರ ಡಾಕ್ಟರು ಬರೆದುಕೊಟ್ಟಿದ್ದಾರೆ. ಒಂದೇ ಮನೆಯಲ್ಲಿ, ಒಂದೇ ಔಷಧಿ ತೆಗೆದುಕೊಳ್ಳುವ ಇಬ್ಬರಲ್ಲಿ ಅಜ್ಜಿಗೆ ಫೋಲಿಕ್ ಆಮ್ಲ ಬೇಕು, ಮೊಮ್ಮಗನಿಗೆ ಬೇಡ ಎಂದರೆ ಅದನ್ನು ಹೇಗೆ ಅರ್ಥ ಮಾಡಿಕೊಳ್ಳಬೇಕು?

ಎರಡನೆಯ ಪ್ರಶ್ನೆ ಇತಿಹಾಸದ್ದು. ಮೆಥೋಟ್ರೆಕ್ಸೇಟ್ ಕಂಡುಹಿಡಿದದ್ದು ಯಲ್ಲಾಪ್ರಗಡ ಸುಬ್ಬರಾವ್ ಎಂಬ ಭಾರತೀಯ ವಿಜ್ಞಾನಿ ಒಬ್ಬರೇ ಎಂದೂ ಅಮೆರಿಕದವರು ಅವರ ಹೆಸರನ್ನು ಮರೆಮಾಚಿದರೆಂದೂ ಹೇಳುವ ಸಂದೇಶವೊಂದು ನಮ್ಮ ವಾಟ್ಸ್ಆ್ಯಪ್ ಗುಂಪಿನಲ್ಲಿ ಬಂದಿತ್ತು. ಇದರಲ್ಲಿ ಎಷ್ಟು ನಿಜ? ತಿಳಿದವರು ದಯವಿಟ್ಟು ವಿವರವಾಗಿ ಬರೆಯಬೇಕೆಂದು ಕೋರುತ್ತೇನೆ.

ಉತ್ತರ 1: ಹಳೆಯ ಸೂಕ್ಷ್ಮದರ್ಶಕ

ನಾನು ನಿವೃತ್ತ ಪ್ಯಾಥಾಲಜಿಸ್ಟ್. ಮೂವತ್ತು ವರ್ಷಕ್ಕೂ ಹೆಚ್ಚು ಕಾಲ ರಕ್ತ ಮತ್ತು ಮೂಳೆಮಜ್ಜೆಯ ಸ್ಲೈಡುಗಳನ್ನು ನೋಡಿದ್ದೇನೆ. ಮೊದಲಿಗೆ ಒಂದು ಮಾತು: ನಿಮ್ಮ ಇಬ್ಬರು ಡಾಕ್ಟರುಗಳೂ ಸರಿಯಾಗಿಯೇ ಹೇಳಿದ್ದಾರೆ, ಆದ್ದರಿಂದ ಇಲ್ಲಿ ನಾವು ಯಾರು ಏನೇ ಬರೆದರೂ ಅವರನ್ನು ಕೇಳದೆ ಯಾವ ಬದಲಾವಣೆಯನ್ನೂ ಮಾಡಬೇಡಿ.

ಫೋಲಿಕ್ ಆಮ್ಲ ಬಿ ಗುಂಪಿನ ಒಂದು ಜೀವಸತ್ವ, ಆಹಾರದಲ್ಲಿಯೂ ದೇಹದಲ್ಲಿಯೂ ಇರುವ ಅದರ ರೂಪಗಳಿಗೆ ಫೋಲೇಟ್ ಎನ್ನುತ್ತೇವೆ. ಜೀವಕೋಶವೊಂದು ಎರಡಾಗಬೇಕಾದರೆ ತನ್ನ ಡಿಎನ್‌ಎಯ ಇನ್ನೊಂದು ಪ್ರತಿಯನ್ನು ಮಾಡಿಕೊಳ್ಳಬೇಕು, ಆ ಪ್ರತಿಗೆ ಬೇಕಾದ ನಾಲ್ಕು ಘಟಕಗಳಲ್ಲಿ ಥೈಮಿಡಿನ್ ಎಂಬುದು ಫೋಲೇಟ್ ಇಲ್ಲದೆ ತಯಾರಾಗುವುದಿಲ್ಲ. ದೇಹದಲ್ಲಿ ಅತಿ ವೇಗವಾಗಿ ಕೋಶಗಳು ಹುಟ್ಟುವ ಜಾಗಗಳಲ್ಲಿ ಮೂಳೆಮಜ್ಜೆಯೂ ಒಂದಾದ್ದರಿಂದ ಫೋಲೇಟ್ ಕೊರತೆ ಬೇಗನೆ ರಕ್ತದಲ್ಲಿ ಎದ್ದು ಕಾಣುತ್ತದೆ. ಕೋಶದ ಮೈ ಬೆಳೆಯುತ್ತಲೇ ಹೋಗುತ್ತದೆ, ಆದರೆ ಅದರ ಕೇಂದ್ರ ಮಾತ್ರ ಎಳೆಯದಾಗಿಯೇ ಉಳಿದು, ದೊಡ್ಡ ದೊಡ್ಡ, ಕೆಲಸಕ್ಕೆ ಬಾರದ ಕೋಶಗಳು ಮಜ್ಜೆಯಲ್ಲಿ ತುಂಬಿಕೊಳ್ಳುತ್ತವೆ. ಇದಕ್ಕೆ ಮೆಗಲೋಬ್ಲಾಸ್ಟಿಕ್ ರಕ್ತಹೀನತೆ ಎನ್ನುತ್ತೇವೆ.

ಈ ಕಾಯಿಲೆಯ ಗುಟ್ಟು ಬಿಚ್ಚಿಕೊಂಡದ್ದು ನಮ್ಮ ದೇಶದಲ್ಲಿಯೇ ಎಂಬುದನ್ನು ಹೇಳದೆ ಮುಂದೆ ಹೋಗಲಾರೆ. 1928ರಲ್ಲಿ ಲೂಸಿ ವಿಲ್ಸ್ ಎಂಬ ಇಂಗ್ಲಿಷ್ ವೈದ್ಯೆ ಬೊಂಬಾಯಿಗೆ ಬಂದರು. ಅಲ್ಲಿನ ಬಟ್ಟೆ ಗಿರಣಿಗಳಲ್ಲಿ ದುಡಿಯುವ ಬಡ ಹೆಂಗಸರು ಬಸುರಿನಲ್ಲಿ ತೀವ್ರ ರಕ್ತಹೀನತೆಯಿಂದ ಸಾಯುತ್ತಿದ್ದರು. ವಿಲ್ಸ್ ಅವರ ಊಟವನ್ನು ವಿಚಾರಿಸಿದರು, ಹಣ್ಣು ತರಕಾರಿ ಅತಿ ಕಡಿಮೆ ಇರುವುದನ್ನು ಗುರುತಿಸಿದರು, ಬಳಿಕ ಅದೇ ಬಗೆಯ ಆಹಾರವನ್ನು ಮೊದಲು ಇಲಿಗಳಿಗೆ, ಆಮೇಲೆ ಕೋತಿಗಳಿಗೆ ಕೊಟ್ಟು ಪರೀಕ್ಷಿಸಿದರು. ನೀಲಗಿರಿಯ ಕೂನೂರಿನಲ್ಲಿಯೂ ಕೆಲವು ಕಾಲ ಈ ಕೆಲಸ ನಡೆಯಿತು. ಕೊನೆಗೆ ರೋಗಕ್ಕೆ ತುತ್ತಾಗಿದ್ದ ಕೋತಿಯೊಂದು ಮಾರ್ಮೈಟ್ ಎಂಬ ಯೀಸ್ಟ್ ಸಾರವನ್ನು ಕೊಟ್ಟಾಗ ಚೇತರಿಸಿಕೊಂಡಿತು. ಬ್ರಿಟಿಷರು ಬ್ರೆಡ್ಡಿಗೆ ಸವರಿಕೊಂಡು ತಿನ್ನುವ, ಅಗ್ಗದ, ಕಪ್ಪು ಬಣ್ಣದ ಪದಾರ್ಥ ಅದು. ಅದನ್ನೇ ಗರ್ಭಿಣಿಯರಿಗೆ ಕೊಟ್ಟರು, ಅವರೂ ಗುಣವಾದರು. 1931ರಲ್ಲಿ ಇದು ಬ್ರಿಟಿಷ್ ವೈದ್ಯಕೀಯ ಪತ್ರಿಕೆಯಲ್ಲಿ ಪ್ರಕಟವಾಯಿತು. ಆ ಸಾರದಲ್ಲಿರುವ ವಸ್ತು ಯಾವುದೆಂದು ಗೊತ್ತಿಲ್ಲದಿದ್ದುದರಿಂದ ವರ್ಷಗಳ ಕಾಲ ಅದನ್ನು ವಿಲ್ಸ್ ಅಂಶವೆಂದೇ ಕರೆದರು. 1941ರಲ್ಲಿ ಅಮೆರಿಕದ ಟೆಕ್ಸಾಸಿನಲ್ಲಿ ನಾಲ್ಕು ಟನ್ ಪಾಲಕ್ ಸೊಪ್ಪಿನಿಂದ ಅದನ್ನು ಬೇರ್ಪಡಿಸಿ, ಎಲೆ ಎಂಬ ಅರ್ಥದ ಲ್ಯಾಟಿನ್ ಪದದಿಂದ ಫೋಲಿಕ್ ಆಮ್ಲ ಎಂದು ಹೆಸರಿಟ್ಟರು.

ಈಗ ಮೆಥೋಟ್ರೆಕ್ಸೇಟಿಗೆ ಬರೋಣ. ದೇಹ ಫೋಲೇಟನ್ನು ಬಳಸಿಕೊಳ್ಳುವ ಮುನ್ನ ಡೈಹೈಡ್ರೋಫೋಲೇಟ್ ರಿಡಕ್ಟೇಸ್ ಎಂಬ ಕಿಣ್ವವು ಅದನ್ನು ಸಿದ್ಧಗೊಳಿಸಬೇಕು. ಮೆಥೋಟ್ರೆಕ್ಸೇಟ್ ನೋಡಲು ಫೋಲಿಕ್ ಆಮ್ಲದಂತೆಯೇ ಇರುವ ಅಣು. ಅದು ಆ ಕಿಣ್ವಕ್ಕೆ ನಿಜವಾದ ಫೋಲೇಟಿಗಿಂತ ಎಷ್ಟೋ ಪಟ್ಟು ಗಟ್ಟಿಯಾಗಿ ಅಂಟಿಕೊಂಡು ಕೂತುಬಿಡುತ್ತದೆ. ಕೋಶದ ಒಳಗೆ ಬಳಕೆಗೆ ಸಿಗುವ ಫೋಲೇಟ್ ಬತ್ತುತ್ತದೆ, ವಿಭಜನೆ ನಿಲ್ಲುತ್ತದೆ, ಲ್ಯುಕೇಮಿಯಾ ಕೋಶ ಸಾಯುತ್ತದೆ. ಅಂದರೆ ಲೂಸಿ ವಿಲ್ಸ್ ಯಾವ ಕೊರತೆಯನ್ನು ನೀಗಿಸಿ ಬೊಂಬಾಯಿಯ ಬಸುರಿಯರನ್ನು ಉಳಿಸಿದರೋ, ಅದೇ ಕೊರತೆಯನ್ನು ನಾವು ನಿಮ್ಮ ಹುಡುಗನ ಮೈಯಲ್ಲಿ ಬೇಕೆಂದೇ, ಅಳತೆಯಿಟ್ಟು, ವಾರಕ್ಕೊಂದು ದಿನ ಉಂಟುಮಾಡುತ್ತಿದ್ದೇವೆ. ಮೆಥೋಟ್ರೆಕ್ಸೇಟ್ ಪಡೆಯುತ್ತಿರುವವರ ಮಜ್ಜೆಯನ್ನು ಸೂಕ್ಷ್ಮದರ್ಶಕದಲ್ಲಿ ನೋಡಿದಾಗ ಫೋಲೇಟ್ ಕೊರತೆಯವರಲ್ಲಿ ಕಾಣುವಂಥ ದೊಡ್ಡ ಕೋಶಗಳೇ ನನಗೆ ಎಷ್ಟೋ ಸಲ ಕಂಡಿವೆ. ಸಂದರ್ಭ ತಿಳಿಯದ ಹೊಸಬರಿಗೆ ಇದು ಕೊರತೆಯೋ ಔಷಧದ ಪರಿಣಾಮವೋ ಎಂದು ಹೇಳುವುದೇ ಕಷ್ಟ.

ಹೀಗಿರುವಾಗ ಮಾತ್ರೆಯ ರೂಪದಲ್ಲಿ ಹೊರಗಿನಿಂದ ಫೋಲಿಕ್ ಆಮ್ಲ ಕೊಟ್ಟರೆ, ಒಂದು ಕೈಯಲ್ಲಿ ಬಾಗಿಲು ಮುಚ್ಚಿ ಇನ್ನೊಂದು ಕೈಯಲ್ಲಿ ತೆರೆದಂತಾಗುವ ಅಪಾಯವಿದೆ. ನಿಮ್ಮ ಹುಡುಗನಿಗೆ ಬೇಡವೆಂದದ್ದಕ್ಕೆ ಮುಖ್ಯ ಕಾರಣ ಇದು. ಆ ಗುಲಾಬಿ ಮಾತ್ರೆಯಲ್ಲಿ 45 ಮಿಲಿಗ್ರಾಂ ಕಬ್ಬಿಣಾಂಶವೂ 400 ಮೈಕ್ರೋಗ್ರಾಂ ಫೋಲಿಕ್ ಆಮ್ಲವೂ ಇರುತ್ತದೆ. ಚಿಕಿತ್ಸೆಯ ಆರಂಭದಲ್ಲಿ ಹಲವು ಸಲ ರಕ್ತ ಕೊಡಿಸಿದ್ದರೆ ಮೈಯಲ್ಲಿ ಕಬ್ಬಿಣ ಆಗಲೇ ಹೆಚ್ಚಾಗಿರಬಹುದಾದ್ದರಿಂದ ಅದೂ ಬೇಡದ ಹೊರೆ. ಅವನ ಹಿಮೋಗ್ಲೋಬಿನ್ ಕಡಿಮೆ ಇರುವುದು ಊಟದ ಕೊರತೆಯಿಂದಲ್ಲ, ಔಷಧಿ ಮಜ್ಜೆಯನ್ನು ಅದುಮಿಟ್ಟಿರುವುದರಿಂದ. ಆದರೆ ಹೆದರಿ ಮನೆಯಲ್ಲಿ ಸೊಪ್ಪಿನ ಸಾರು, ಬಸ್ಸಾರು ನಿಲ್ಲಿಸಬೇಡಿ. ಚೆನ್ನಾಗಿ ಬೇಯಿಸಿದ ಎಂದಿನ ಊಟ ಮಗುವಿಗೆ ಬೇಕು.

ನಿಮ್ಮ ಅಮ್ಮನ ವಿಷಯ ಬೇರೆ. ಸಂಧಿವಾತದಲ್ಲಿ ಯಾವ ಕೋಶವನ್ನೂ ಕೊಲ್ಲುವ ಉದ್ದೇಶವಿಲ್ಲ. ಅಲ್ಲಿ ಮೆಥೋಟ್ರೆಕ್ಸೇಟ್ ಸಣ್ಣ ಪ್ರಮಾಣದಲ್ಲಿ ಉರಿಯೂತವನ್ನು ತಗ್ಗಿಸುವ ಕೆಲಸ ಮಾಡುತ್ತದೆ, ಆ ಕೆಲಸದ ಬಹುಪಾಲು ಅಡೆನೋಸಿನ್ ಎಂಬ ಇನ್ನೊಂದು ವಸ್ತುವಿನ ಮೂಲಕ ನಡೆಯುತ್ತದೆಂದು ತಿಳಿಯಲಾಗಿದೆ. ಫೋಲಿಕ್ ಆಮ್ಲ ಕೊಟ್ಟರೂ ಕೀಲುಗಳಿಗೆ ಸಿಗುವ ಪ್ರಯೋಜನ ಹಾಗೆಯೇ ಉಳಿದು, ಬಾಯಿಹುಣ್ಣು, ವಾಕರಿಕೆ, ಯಕೃತ್ತಿನ ತೊಂದರೆಗಳು ಕಡಿಮೆಯಾಗುತ್ತವೆ. ಆದ್ದರಿಂದ ಅಜ್ಜಿ ಅದನ್ನು ಬಿಡಬಾರದು.

ಉತ್ತರ 2: ಮೆಥಿಲೀನ್ ನೀಲಿ

ನಾನು ಕಾಲೇಜಿನಲ್ಲಿ ಜೀವರಸಾಯನ ಶಾಸ್ತ್ರ ಕಲಿಸುತ್ತೇನೆ. ನಿಮ್ಮ ಎರಡನೆಯ ಪ್ರಶ್ನೆ ನನಗೆ ಬಹಳ ಹತ್ತಿರವಾದದ್ದು, ಏಕೆಂದರೆ ಸುಬ್ಬರಾವ್ ಅವರ ಹೆಸರನ್ನು ನಾನು ಮೊದಲು ಕಂಡದ್ದು ಪ್ರಯೋಗಾಲಯದ ದಾಖಲೆ ಪುಸ್ತಕದಲ್ಲಿ. ರಕ್ತದಲ್ಲಿ, ಮೂತ್ರದಲ್ಲಿ ಎಷ್ಟು ರಂಜಕವಿದೆಯೆಂದು ನೀಲಿ ಬಣ್ಣದ ಗಾಢತೆಯಿಂದ ಅಳೆಯುವ ಫಿಸ್ಕ್–ಸುಬ್ಬರಾವ್ ವಿಧಾನವನ್ನು ನಮ್ಮ ವಿದ್ಯಾರ್ಥಿಗಳು ಇಂದಿಗೂ ಮಾಡುತ್ತಾರೆ. 1925ರಲ್ಲಿ ಹಾರ್ವರ್ಡಿನಲ್ಲಿ ರೂಪಿಸಿದ ವಿಧಾನ ಅದು. ಆ ಸುಬ್ಬರಾವ್ ಭೀಮವರಂನಲ್ಲಿ 1895ರಲ್ಲಿ ಹುಟ್ಟಿದ ತೆಲುಗಿನವರೆಂದು ಬಹಳ ಮಂದಿಗೆ ಗೊತ್ತಿಲ್ಲ.

ಮದ್ರಾಸ್ ವೈದ್ಯಕೀಯ ಕಾಲೇಜಿನಲ್ಲಿ ಓದುವಾಗ ಗಾಂಧೀಜಿಯವರ ಕರೆಗೆ ಓಗೊಟ್ಟು ಖಾದಿ ಉಟ್ಟದ್ದರಿಂದ ಬ್ರಿಟಿಷ್ ಪ್ರಾಧ್ಯಾಪಕರ ಅಸಮಾಧಾನಕ್ಕೆ ಗುರಿಯಾದರು, ಕೊನೆಗೆ ಎಂಬಿಬಿಎಸ್ ಬದಲು ಅದಕ್ಕಿಂತ ಕೆಳಗಿನ ಎಲ್‌ಎಂಎಸ್ ಪದವಿಯನ್ನಷ್ಟೇ ಪಡೆದರು. ಅವರ ಸಹೋದರರಿಬ್ಬರು ಉಷ್ಣವಲಯದ ಸ್ಪ್ರೂ ರೋಗದಿಂದ, ಅಂದರೆ ನಮ್ಮ ಹಿರಿಯರು ಸಂಗ್ರಹಣಿ ಎನ್ನುತ್ತಿದ್ದ ಬಗೆಯ ಕಾಯಿಲೆಯಿಂದ, ಸ್ವಲ್ಪವೇ ಅಂತರದಲ್ಲಿ ತೀರಿಕೊಂಡರು. ಕರುಳು ಆಹಾರದ ಸತ್ವವನ್ನು ಹೀರಿಕೊಳ್ಳದೆ ಹೋಗುವ ಆ ರೋಗದಲ್ಲಿ ಫೋಲೇಟ್ ಕೊರತೆಯಿಂದ ರಕ್ತಹೀನತೆ ಉಂಟಾಗುತ್ತದೆಂದು ಆಗ ಯಾರಿಗೂ ತಿಳಿದಿರಲಿಲ್ಲ. 1922ರಲ್ಲಿ ಬಾಸ್ಟನ್ ತಲುಪಿದ ಸುಬ್ಬರಾವ್ ಹೊಟ್ಟೆಪಾಡಿಗೆ ಆಸ್ಪತ್ರೆಯೊಂದರಲ್ಲಿ ರಾತ್ರಿ ಪಾಳಿಯ ಕೂಲಿ ಕೆಲಸ ಮಾಡುತ್ತ ಓದಿದರು. ಸ್ನಾಯುಗಳ ಶಕ್ತಿಗೆ ಮೂಲವಾದ ಫಾಸ್ಫೋಕ್ರಿಯಾಟಿನ್ ಕುರಿತು ಫಿಸ್ಕ್ ಅವರೊಡನೆ ಮಹತ್ವದ ಕೆಲಸ ಮಾಡಿದರೂ ಹಾರ್ವರ್ಡಿನಲ್ಲಿ ಕಾಯಂ ಹುದ್ದೆ ಸಿಗಲಿಲ್ಲ. 1940ರಲ್ಲಿ ನ್ಯೂಯಾರ್ಕ್ ರಾಜ್ಯದ ಪರ್ಲ್ ರಿವರ್‌ನಲ್ಲಿದ್ದ ಲೆಡರ್ಲೆ ಔಷಧ ಕಂಪನಿಯ ಸಂಶೋಧನಾಲಯ ಸೇರಿದರು. ಅಲ್ಲಿ ಅವರ ನೇತೃತ್ವದ ತಂಡ ಫೋಲಿಕ್ ಆಮ್ಲದ ರಚನೆಯನ್ನು ಬಿಡಿಸಿ, ಕಾರ್ಖಾನೆಯಲ್ಲಿ ತಯಾರಿಸುವ ದಾರಿ ಕಂಡುಕೊಂಡಿತು. ಅಣ್ಣತಮ್ಮಂದಿರನ್ನು ಬಲಿ ತೆಗೆದುಕೊಂಡ ಕಾಯಿಲೆಗೆ ಮದ್ದು ಅವರ ಕೈಯಿಂದಲೇ ಬಂತು.

ಇನ್ನು ಮೆಥೋಟ್ರೆಕ್ಸೇಟಿನ ಕಥೆ. ಬಾಸ್ಟನ್ನಿನ ಮಕ್ಕಳ ಆಸ್ಪತ್ರೆಯಲ್ಲಿ ಸಿಡ್ನಿ ಫಾರ್ಬರ್ ಎಂಬ ಪ್ಯಾಥಾಲಜಿಸ್ಟ್ ಇದ್ದರು. ಫೋಲಿಕ್ ಆಮ್ಲ ರಕ್ತವನ್ನು ಸರಿಪಡಿಸುವುದಾದರೆ ಲ್ಯುಕೇಮಿಯಾಕ್ಕೂ ಉಪಯೋಗವಾದೀತು ಎಂಬ ಆಸೆ ಆ ಕಾಲದಲ್ಲಿ ಅಸಹಜವೇನಲ್ಲ. ಇಲಿಗಳ ಗಡ್ಡೆಗಳ ಮೇಲೆ ನಡೆದ ಕೆಲವು ಪ್ರಯೋಗಗಳೂ ಅದಕ್ಕೆ ಪುಷ್ಟಿ ಕೊಟ್ಟಿದ್ದವು. ಸುಬ್ಬರಾವ್ ತಂಡ ಕಳಿಸಿದ ಫೋಲಿಕ್ ಆಮ್ಲದ ಸಂಯುಕ್ತಗಳನ್ನು ಫಾರ್ಬರ್ ಲ್ಯುಕೇಮಿಯಾ ಪೀಡಿತ ಮಕ್ಕಳಿಗೆ ಕೊಟ್ಟರು. ಕಾಯಿಲೆ ತಗ್ಗಲಿಲ್ಲ, ಮಜ್ಜೆಯಲ್ಲಿ ಇನ್ನಷ್ಟು ವೇಗವಾಗಿ ಹಬ್ಬಿದಂತೆ ಕಂಡಿತು. ಈ ಘಟ್ಟವನ್ನು ಪಾಠ ಮಾಡುವಾಗ ನಾನು ಪ್ರತಿ ವರ್ಷವೂ ಸ್ವಲ್ಪ ಹೊತ್ತು ನಿಲ್ಲುತ್ತೇನೆ. ಫಾರ್ಬರ್ ಆ ಸೋಲನ್ನು ಮುಚ್ಚಿಡಲಿಲ್ಲ. ಫೋಲಿಕ್ ಆಮ್ಲ ಈ ರೋಗಕ್ಕೆ ಗೊಬ್ಬರವಾಗುವುದಾದರೆ ಅದನ್ನು ತಡೆಯುವ ವಸ್ತು ರೋಗವನ್ನು ಒಣಗಿಸಬೇಕಲ್ಲವೇ ಎಂದು ಯೋಚಿಸಿದರು. ಅಂಥ ವಿರೋಧಿ ವಸ್ತುಗಳು ಲೆಡರ್ಲೆಯ ರಸಾಯನ ತಜ್ಞರಲ್ಲಿ ಸಿದ್ಧವಾಗುತ್ತಿದ್ದವು. ಫೋಲಿಕ್ ಆಮ್ಲದ ಅಣುವಿನಲ್ಲಿ ಒಂದು ಜಾಗದಲ್ಲಿದ್ದ ಹೈಡ್ರಾಕ್ಸಿಲ್ ಗುಂಪನ್ನು ತೆಗೆದು ಅಮೈನೋ ಗುಂಪನ್ನು ಕೂರಿಸಿದಾಗ ಬಂದದ್ದೇ ಅಮಿನೋಪ್ಟೆರಿನ್. ಆ ಅಣುವನ್ನು ಪ್ರಕಟಿಸಿದ 1947ರ ಪ್ರಬಂಧದಲ್ಲಿ ಸೀಗರ್, ಸ್ಮಿತ್, ಹಲ್ಟ್‌ಕ್ವಿಸ್ಟ್ ಎಂಬ ರಸಾಯನ ತಜ್ಞರ ಹೆಸರುಗಳಿವೆ. ಅವರಲ್ಲಿ ಸೀಗರ್ ಒಬ್ಬ ಮಹಿಳೆ.

1947ರ ಡಿಸೆಂಬರಿನ ಕೊನೆಯಲ್ಲಿ ಫಾರ್ಬರ್ ಈ ಔಷಧಿಯನ್ನು ಮೊದಲ ಬಾರಿಗೆ ಕೊಟ್ಟರು. 1948ರ ಜೂನ್ 3ರ ನ್ಯೂ ಇಂಗ್ಲೆಂಡ್ ವೈದ್ಯಕೀಯ ಪತ್ರಿಕೆಯಲ್ಲಿ, ತೀವ್ರವಾಗಿ ಕಾಯಿಲೆಯಾಗಿದ್ದ 16 ಮಕ್ಕಳಲ್ಲಿ 10 ಮಕ್ಕಳು ಚೇತರಿಸಿಕೊಂಡರೆಂದು ವರದಿಯಾಯಿತು. ಆ ಚೇತರಿಕೆ ತಾತ್ಕಾಲಿಕವೆಂದು ಪ್ರಬಂಧದ ತಲೆಬರಹದಲ್ಲಿಯೇ ಬರೆದಿದ್ದರು. ಸುಬ್ಬರಾವ್ ಮತ್ತು ಅವರ ಸಹೋದ್ಯೋಗಿಗಳ ಕೊಡುಗೆಯನ್ನೂ ಅಲ್ಲಿ ಹೆಸರಿಸಿ ಸ್ಮರಿಸಿದ್ದಾರೆ. ಎರಡು ತಿಂಗಳಲ್ಲಿ, ಆಗಸ್ಟಿನಲ್ಲಿ, ಸುಬ್ಬರಾವ್ ತೀರಿಕೊಂಡರು. ಆಗ ಅವರಿಗೆ 53 ವರ್ಷ. ಅದೇ ಅಣುವಿಗೆ ಒಂದು ಮೆಥೈಲ್ ಗುಂಪು ಸೇರಿಸಿ ಮಾಡಿದ್ದು ಮೆಥೋಟ್ರೆಕ್ಸೇಟ್, ಅದರ ಪರಿಣಾಮವನ್ನು ಹತೋಟಿಯಲ್ಲಿಡುವುದು ಸುಲಭವೆಂದು ಮುಂದೆ ಅಮಿನೋಪ್ಟೆರಿನ್ ಜಾಗವನ್ನು ಅದೇ ಪಡೆಯಿತು.

ಆದ್ದರಿಂದ ಆ ಸಂದೇಶ ಅರ್ಧ ನಿಜ. ಸುಬ್ಬರಾವ್ ಇಲ್ಲದಿದ್ದರೆ ಫಾರ್ಬರ್ ಕೈಗೆ ಆ ಔಷಧಿ ಬರುತ್ತಿರಲಿಲ್ಲ, ಅವರಿಗೆ ಸಲ್ಲಬೇಕಾದ ಪ್ರಸಿದ್ಧಿ ಸಂದಿಲ್ಲವೆಂಬ ನೋವು ನನಗೂ ಇದೆ. ಆದರೆ ಒಬ್ಬರೇ ಕಂಡುಹಿಡಿದರೆಂದರೆ ಅಣುವನ್ನು ಕಟ್ಟಿದ ರಸಾಯನ ತಜ್ಞರಿಗೂ, ಆ ಹದಿನಾರು ಮಕ್ಕಳಿಗೂ, ಮಕ್ಕಳನ್ನು ಪ್ರಯೋಗಕ್ಕೆ ಒಪ್ಪಿಸಿದ ತಂದೆತಾಯಿಗಳಿಗೂ ಅನ್ಯಾಯವಾಗುತ್ತದೆ. ತಮ್ಮ ತಂಡದವರ ಪ್ರಬಂಧಗಳಿಗೆಲ್ಲ ತಮ್ಮ ಹೆಸರನ್ನು ಸೇರಿಸಿಕೊಳ್ಳುವ ಸ್ವಭಾವ ಸುಬ್ಬರಾವ್ ಅವರದಾಗಿರಲಿಲ್ಲ.

ಉತ್ತರ 3: ಬೇವುಬೆಲ್ಲ

ನಾನು ವೈದ್ಯೆಯಲ್ಲ. ನನ್ನ ಮಗಳಿಗೆ ಇದೇ ಕಾಯಿಲೆಯಾಗಿ, ಚಿಕಿತ್ಸೆ ಮುಗಿದು ಆರು ವರ್ಷವಾಯಿತು. ನಿಮ್ಮ ಮನೆಯಲ್ಲಿ ಇಬ್ಬರಿಗೆ ಒಂದೇ ಮಾತ್ರೆಯಿದೆಯೆಂದು ಓದಿದ ಕೂಡಲೇ ಇದನ್ನು ಬರೆಯಬೇಕೆನಿಸಿತು.

ಮೆಥೋಟ್ರೆಕ್ಸೇಟ್ ವಾರಕ್ಕೊಂದು ಸಲದ ಔಷಧಿ. ನಮ್ಮ ಮನೆಯಲ್ಲಿ ಒಮ್ಮೆ, ಔಷಧ ಅಂಗಡಿಯವರು ಪೊಟ್ಟಣದ ಮೇಲೆ ಅಭ್ಯಾಸಬಲದಿಂದ ದಿನಕ್ಕೊಂದು ಎಂದು ಬರೆದುಕೊಟ್ಟರು. ನಮ್ಮ ಅತ್ತೆಯವರು ಅದನ್ನೇ ನಂಬಿ ಎರಡನೆಯ ದಿನವೂ ಕೊಡಲು ಮಾತ್ರೆ ಬಿಡಿಸಿದ್ದಾಗ ನಾನು ನೋಡಿದ್ದರಿಂದ ಉಳಿದೆವು. ದಿನವೂ ನುಂಗಿದರೆ ಬಾಯಿಯೆಲ್ಲ ಹುಣ್ಣಾಗಿ, ಕೌಂಟ್, ಅಂದರೆ ರಕ್ತಕಣಗಳ ಸಂಖ್ಯೆ, ಕುಸಿದು, ಜೀವಕ್ಕೇ ಅಪಾಯವಾಗಬಹುದೆಂದು ನಮ್ಮ ಡಾಕ್ಟರು ಆಮೇಲೆ ವಿವರಿಸಿದರು. ಅಂದಿನಿಂದ ಕ್ಯಾಲೆಂಡರಿನಲ್ಲಿ ಪ್ರತಿ ಗುರುವಾರಕ್ಕೆ ಕೆಂಪು ಸುತ್ತು ಹಾಕಿ, ಕೊಟ್ಟ ಮೇಲೆ ಅದರೊಳಗೆ ಸಮಯ ಬರೆಯುತ್ತಿದ್ದೆ.

ನಿಮ್ಮ ಅಮ್ಮನ ಮಾತ್ರೆಗಳನ್ನೂ ಮಗುವಿನ ಮಾತ್ರೆಗಳನ್ನೂ ಬೇರೆ ಬೇರೆ ಡಬ್ಬಿಗಳಲ್ಲಿ, ಸಾಧ್ಯವಾದರೆ ಬೇರೆ ಕೋಣೆಗಳಲ್ಲಿ ಇಡಿ. ಇಬ್ಬರಿಗೂ ವಾರದ ಒಂದೇ ದಿನವನ್ನು ಗೊತ್ತುಮಾಡುವುದು ಒಳ್ಳೆಯದೋ, ಬೇರೆ ಬೇರೆ ದಿನ ಒಳ್ಳೆಯದೋ ಎಂದು ಡಾಕ್ಟರನ್ನೇ ಕೇಳಿ. ನೋವು, ಜ್ವರಕ್ಕೆಂದು ಅಂಗಡಿಯಿಂದ ತಾವಾಗಿಯೇ ಏನನ್ನೂ ತಂದು ಕೊಡಬೇಡಿ, ಕೆಲವು ನೋವಿನ ಮಾತ್ರೆಗಳೂ ಸೋಂಕಿನ ಔಷಧಿಗಳೂ ಮೆಥೋಟ್ರೆಕ್ಸೇಟನ್ನು ಮೈಯಲ್ಲಿಯೇ ಉಳಿಸಿಬಿಡುತ್ತವೆ. ಶಾಲೆಯ ಮುಖ್ಯೋಪಾಧ್ಯಾಯರಿಗೆ ಡಾಕ್ಟರಿಂದ ಒಂದು ಪತ್ರ ಬರೆಸಿಕೊಡಿ. ತರಗತಿಯ ಮೇಷ್ಟ್ರು ಬದಲಾದಾಗಲೂ ಆ ಪತ್ರ ಕಡತದಲ್ಲಿರುತ್ತದೆ.

ತುಂಗಾತೀರ

ಮೂವರಿಗೂ ನಾನು ಋಣಿ. ಅಕ್ಕನಿಗೆ ಫೋನಿನಲ್ಲಿ ಎಲ್ಲವನ್ನೂ ಓದಿ ಹೇಳಿದೆ. ಅವಳು ಒಂದು ಮಾತು ಕೇಳಿದಳು, ಅದಕ್ಕೆ ಉತ್ತರಿಸುವ ಧೈರ್ಯ ನನಗಾಗಲಿಲ್ಲ. ಆ ಹದಿನಾರು ಮಕ್ಕಳಲ್ಲಿ ಚೇತರಿಸಿಕೊಂಡವರಿಗೂ ಕಾಯಿಲೆ ಮರಳಿತೇ? ಮರಳಿದ್ದರೆ, ಅದೇ ಔಷಧಿಯನ್ನು ನಂಬಿಕೊಂಡು ನಾವು ಹೇಗೆ ನಿಶ್ಚಿಂತೆಯಿಂದಿರಲಿ?

ಉತ್ತರ 4: ಹಳೆಯ ಸೂಕ್ಷ್ಮದರ್ಶಕ

ನಿಮ್ಮ ಅಕ್ಕನವರಿಗೆ ನಿಜವನ್ನೇ ಹೇಳಬೇಕು. ಹೌದು, ಮರಳಿತು. ಕೆಲವು ವಾರ ಅಥವಾ ತಿಂಗಳುಗಳ ನಂತರ ಆ ಮಕ್ಕಳಲ್ಲಿ ಕಾಯಿಲೆ ಮತ್ತೆ ಕಾಣಿಸಿಕೊಂಡಿತು, ಅದೇ ಔಷಧಿ ಎರಡನೆಯ ಸಲ ಕೆಲಸ ಮಾಡಲಿಲ್ಲ. ಅದರ ಕಾರಣ ಈಗ ನಮಗೆ ತಿಳಿದಿದೆ. ಕ್ಯಾನ್ಸರ್ ಕೋಶಗಳು ಔಷಧಿಯನ್ನು ಒಳಗೆ ಬಿಟ್ಟುಕೊಳ್ಳದಂತೆ ಬದಲಾಗಬಲ್ಲವು, ಇಲ್ಲವೇ ಅದು ಅಂಟಿಕೊಳ್ಳುವ ಕಿಣ್ವವನ್ನೇ ವಿಪರೀತವಾಗಿ ತಯಾರಿಸಬಲ್ಲವು. ಆ ಕಿಣ್ವದ ಜೀನಿನ ಹತ್ತಾರು ಪ್ರತಿಗಳನ್ನು ಮಾಡಿಕೊಂಡು ಕೋಶವು ಮೆಥೋಟ್ರೆಕ್ಸೇಟಿನಿಂದ ತಪ್ಪಿಸಿಕೊಳ್ಳುವುದನ್ನು 1978ರಲ್ಲಿ ರಾಬರ್ಟ್ ಶಿಮ್ಕೆ ಅವರ ತಂಡ ತೋರಿಸಿತು.

ನಿಮ್ಮ ಹುಡುಗನಿಗೂ ಆ ಮಕ್ಕಳಿಗೂ ಇರುವ ವ್ಯತ್ಯಾಸವೆಂದರೆ ಅವನಿಗೆ ಕೊಡುತ್ತಿರುವುದು ಒಂದೇ ಔಷಧಿಯಲ್ಲ. ಅವನು ದಿನವೂ ನುಂಗುವ ಮರ್‌ಕ್ಯಾಪ್ಟೋಪ್ಯೂರಿನನ್ನು ರೂಪಿಸಿದವರು ಗರ್ಟ್ರೂಡ್ ಎಲಿಯನ್ ಮತ್ತು ಜಾರ್ಜ್ ಹಿಚಿಂಗ್ಸ್, 1953ರಲ್ಲಿ ಅದು ಬಳಕೆಗೆ ಬಂತು. ಅದು ಡಿಎನ್‌ಎಯ ಬೇರೆ ಘಟಕಗಳ ತಯಾರಿಯನ್ನು ಕೆಡಿಸುತ್ತದೆ, ಹೀಗಾಗಿ ಒಂದರಿಂದ ತಪ್ಪಿಸಿಕೊಂಡ ಕೋಶ ಇನ್ನೊಂದಕ್ಕೆ ಸಿಕ್ಕಿಬೀಳುತ್ತದೆ. 1960ರ ದಶಕದಲ್ಲಿ ಅಮೆರಿಕದ ಫ್ರೈ ಮತ್ತು ಫ್ರೈರೈಕ್ ಎಂಬ ವೈದ್ಯರು ನಾಲ್ಕು ಔಷಧಿಗಳನ್ನು ಒಟ್ಟಿಗೆ ಕೊಡುವ ಸಾಹಸ ಮಾಡಿದರು. ಅಲ್ಲಿಯದೇ ಮೆಂಫಿಸ್ ನಗರದಲ್ಲಿ ಡೊನಾಲ್ಡ್ ಪಿಂಕೆಲ್ ಎಂಬ ವೈದ್ಯರು, ಕಾಯಿಲೆ ಮೆದುಳಿನ ಸುತ್ತಲಿನ ದ್ರವದಲ್ಲಿ ಅಡಗಿ ಕೂರುತ್ತದೆಂದು ಅರಿತು ಅಲ್ಲಿಗೂ ಚಿಕಿತ್ಸೆಯನ್ನು ಒಯ್ದರು. ನಿಮ್ಮ ಹುಡುಗನಿಗೆ ಬೆನ್ನಿನಲ್ಲಿ ಚುಚ್ಚಿ ಕೊಟ್ಟ ಇಂಜೆಕ್ಷನ್ ನೆನಪಿರಬೇಕಲ್ಲ, ಅದರಲ್ಲಿ ಇರುತ್ತಿದ್ದುದೂ ಹೆಚ್ಚಾಗಿ ಇದೇ ಮೆಥೋಟ್ರೆಕ್ಸೇಟ್. ಇಂದು ಉತ್ತಮ ಸೌಲಭ್ಯಗಳಿರುವ ದೇಶಗಳಲ್ಲಿ ಈ ಕಾಯಿಲೆಯ ಹತ್ತು ಮಕ್ಕಳಲ್ಲಿ ಸುಮಾರು ಒಂಬತ್ತು ಮಕ್ಕಳು ಬದುಕುಳಿಯುತ್ತಾರೆ.

1931ರಲ್ಲಿ, ಲೂಸಿ ವಿಲ್ಸ್ ಅವರ ಲೇಖನ ಅಚ್ಚಾದ ವರ್ಷವೇ, ಮೆಹೆರ್‌ಬಾಯಿ ಟಾಟಾ ಲ್ಯುಕೇಮಿಯಾದಿಂದ ವೇಲ್ಸಿನಲ್ಲಿ ತೀರಿಕೊಂಡರು. ಅವರು ದೊರಾಬ್ಜಿ ಟಾಟಾ ಅವರ ಪತ್ನಿ. ಅವರ ತಂದೆ ಮೈಸೂರು ಸಂಸ್ಥಾನದ ಶಿಕ್ಷಣ ಇಲಾಖೆಯಲ್ಲಿ ಹಿರಿಯ ಅಧಿಕಾರಿಯಾಗಿದ್ದರಿಂದ ಅವರು ಬೆಳೆದದ್ದು ನಮ್ಮ ಬೆಂಗಳೂರಿನಲ್ಲಿ. ಅಷ್ಟು ಸಿರಿವಂತಿಕೆಯಿದ್ದರೂ ಅವರ ಕಾಯಿಲೆಯನ್ನು ವಾಸಿಮಾಡುವ ಒಂದೇ ಒಂದು ಮಾತ್ರೆ ಆಗ ಜಗತ್ತಿನಲ್ಲಿ ಎಲ್ಲಿಯೂ ಇರಲಿಲ್ಲ. ಮರುವರ್ಷ ದೊರಾಬ್ಜಿಯವರು ಅವರ ನೆನಪಿನಲ್ಲಿ ಲ್ಯುಕೇಮಿಯಾ ಸಂಶೋಧನೆಗೆಂದೇ ಒಂದು ಟ್ರಸ್ಟ್ ಸ್ಥಾಪಿಸಿದರು.

ಅಕ್ಕನವರಿಗೆ ಹೇಳಿ: ಈಗ ಅವರ ಕೈಯಲ್ಲಿರುವ ಕೆಲಸವೆಂದರೆ ಈ ಹಂತ ಮುಗಿಯುವವರೆಗೆ ಒಂದು ದಿನದ ಮಾತ್ರೆಯೂ ತಪ್ಪದಂತೆ ನೋಡಿಕೊಳ್ಳುವುದು. ಮಗು ಚೆನ್ನಾಗಿ ಆಡಿಕೊಂಡಿದೆಯೆಂದು ನಡುವೆ ನಿಲ್ಲಿಸಿದ ಮನೆಗಳನ್ನು ನಾನು ನೋಡಿದ್ದೇನೆ, ಅವರ ಸ್ಲೈಡುಗಳನ್ನೂ ನೋಡಿದ್ದೇನೆ. ಜ್ವರ ಬಂದರೆ ರಾತ್ರಿಯೆನ್ನದೆ ಆಸ್ಪತ್ರೆಗೆ ಹೋಗಲಿ. ಮುಂದಿನ ಸಲ ಕೌಂಟ್ ವರದಿ ಬಂದಾಗ ಅದರಲ್ಲಿ ಎಂಸಿವಿ ಎಂಬ ಅಂಕಿಯೊಂದಿರುತ್ತದೆ, ಅದು ಕೆಂಪು ರಕ್ತಕಣದ ಗಾತ್ರವನ್ನು ಹೇಳುತ್ತದೆ. ಸಾಮಾನ್ಯಕ್ಕಿಂತ ಸ್ವಲ್ಪ ಹೆಚ್ಚಿದ್ದರೆ ಗಾಬರಿಯಾಗುವುದು ಬೇಡ, ಈ ಎರಡು ಔಷಧಿಗಳನ್ನು ತಪ್ಪದೆ ತೆಗೆದುಕೊಳ್ಳುವ ಮಕ್ಕಳಲ್ಲಿ ಅದು ಹಾಗೆಯೇ ಏರಿರುತ್ತದೆ.